ನಿವ್ವಳ ನಾನೂರ ಹತ್ತು ಕಿಲೋ

ಕಿಲೋಮಾಮನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಫ್ಯಾನನ್ನು ಎರಡರಲ್ಲಿಡಬೇಕೋ ಮೂರರಲ್ಲಿಡಬೇಕೋ, ಇಂಥ ಯಾವ ವಿಷಯದಲ್ಲೂ ಅವನನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಕೇಳದೆ ಹೇಳಿದರೆ ಹೆಂಡತಿ "ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ" ಅನ್ನುತ್ತಿದ್ದಳು. ಅವನೂ ಸುಮ್ಮನಿರುತ್ತಿದ್ದ. ಸ್ವತಃ ನಲವತ್ತೊಂಬತ್ತು ಕಿಲೋ ತೂಗುವ ಮನುಷ್ಯ ಎಷ್ಟಂತ ವಾದ ಮಾಡಿಯಾನು?

ಆದರೆ ತೂಕದ ವಿಷಯ ಬಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ಊರಾಚೆಯ ವೇಬ್ರಿಡ್ಜಿನ ಪುಟ್ಟ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಲಾರಿಗಳನ್ನು ತೂಗುತ್ತಿದ್ದ. ಕೆಲಸವೇನೋ ಸರಳ. ಸರಕು ತುಂಬಿದ ಲಾರಿ ಕಬ್ಬಿಣದ ಹಲಗೆಯ ಮೇಲೆ ಬಂದು ನಿಲ್ಲುತ್ತದೆ, ಅದು ಒಟ್ಟು ತೂಕ. ಇಳಿಸಿ ಬಂದು ಮತ್ತೆ ನಿಲ್ಲುತ್ತದೆ, ಅದು ಖಾಲಿ ತೂಕ. ಕಳೆದರೆ ನಿವ್ವಳ. ಚೀಟಿ, ಸೀಲು, ಸಹಿ. ಇದರಲ್ಲಿ ಮರೆಯಬಾರದ ನಿಯಮ ಒಂದೇ: ಮೊದಲ ಸಲ ಲಾರಿಯಲ್ಲಿ ಯಾರು ಕೂತಿದ್ದರೋ ಎರಡನೇ ಸಲವೂ ಅವರೇ ಕೂತಿರಬೇಕು. ಕ್ಲೀನರ್ ನಡುವೆ ಇಳಿದು ಚಹಾ ಕುಡಿಯಲು ಹೋದರೆ, ಕಾಗದದ ಮಟ್ಟಿಗೆ ಅವನೂ ಒಂದು ಮೂಟೆ ಸಿಮೆಂಟಾಗಿಬಿಡುತ್ತಾನೆ. ಮೂವತ್ತೊಂದು ವರ್ಷದಲ್ಲಿ ಕಿಲೋಮಾಮ ಒಬ್ಬನೇ ಒಬ್ಬ ಕ್ಲೀನರನ್ನೂ ಸಿಮೆಂಟು ಮಾಡಿರಲಿಲ್ಲ.

ಈ ಹೆಮ್ಮೆಯೇ ಅವನ ಬಾಯಿಂದ ಆಡಬಾರದ ಮಾತನ್ನು ಆಡಿಸಿತು. ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಪೇಟೆಯಲ್ಲಿ ಕಬ್ಬಿಣದ ಬೀರುಗಳ ಅಂಗಡಿ ಇಟ್ಟಿದ್ದ. ನೂರ ಹದಿನೆಂಟು ಕಿಲೋ ದೇಹ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಈ ಷಡ್ಡಕ "ಎಂಥವನೂ ಒಂದಲ್ಲ ಒಂದು ದಿನ ತಪ್ಪು ಮಾಡ್ತಾನಪ್ಪ" ಅಂದ.

"ನಾನು ಮಾಡಲ್ಲ" ಅಂದ ಕಿಲೋಮಾಮ.

"ಮಾಡಿದ್ರೆ?"

"ಮಾಡಿದ್ರೆ ಅವತ್ತೇ ಕೆಲಸ ಬಿಟ್ಟು ನಿಮ್ಮ ಅಂಗಡಿ ಬಾಗಿಲಲ್ಲಿ 'ಬನ್ನಿ ಬನ್ನಿ, ಬೀರು ನೋಡಿ' ಅಂತ ಕೂಗ್ತಾ ನಿಂತ್ಕೋತೀನಿ."

ಷಡ್ಡಕ ತಟ್ಟೆ ಕೆಳಗಿಟ್ಟು, ಕೂತಿದ್ದವರನ್ನೆಲ್ಲ ಎಣಿಸಿ, "ಹದಿಮೂರು ಜನ ಕೇಳಿಸ್ಕೊಂಡಿದ್ದೀರಿ" ಅಂದ. ಅತ್ತಿಗೆಯಂತೂ ಆಗಲೇ, ಬಾಗಿಲಲ್ಲಿ ನಿಂತು ಕೂಗುವಾಗ ತಂಗಿಯ ಗಂಡನಿಗೆ ಕೆಂಪು ಟೋಪಿ ಒಪ್ಪೀತೋ ನೀಲಿ ಒಪ್ಪೀತೋ ಎಂದು ಯೋಚಿಸತೊಡಗಿದಳು.

ಅದೇ ವಾರ ಊರಿಗೆ ಗೋದಾಮು ಬಂದ.

ಗೋದಾಮು ಅಂದರೆ ಸರಕು ತುಂಬುವ ಕಟ್ಟಡವಲ್ಲ, ಒಂದು ಕಾಲದ ಹೆಸರಾಂತ ಕುಸ್ತಿಪಟು. ಬೆಳಕು, ಸಂಗೀತ, ಬೆಲ್ಟು, ಬೈಗುಳ ಎಲ್ಲ ಇರುವ ವೃತ್ತಿಪರ ಕುಸ್ತಿಯಲ್ಲಿ ಇಪ್ಪತ್ತು ವರ್ಷ ಎದುರಾಳಿಗಳ ಮೇಲೆ ಕೂತು ಗೆದ್ದವನು. ಹುಡುಗನಾಗಿದ್ದಾಗ ಕಿಲೋಮಾಮ ತನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದು ಇವನದೇ ಚಿತ್ರ. ಈಗ ಅರವತ್ತೆರಡು ದಾಟಿದ ಗೋದಾಮು ಕೊನೆಯದೊಂದು ಪಂದ್ಯ ಆಡಲು ಬಂದಿದ್ದ. ಎದುರಾಳಿಯ ಹೆಸರು ಕಬ್ಬಿಣದ ಕೋಣ.

ಪಂದ್ಯಕ್ಕಿಂತ ಗೋದಾಮುವಿಗೆ ಹೆಚ್ಚಾಗಿ ಬೇಕಿದ್ದುದು ಕ್ಷೌರಿಕನ ಗೋಡೆ. ಊರಿನ ಕ್ಷೌರಿಕ ತನ್ನ ಅಂಗಡಿಯ ಗೋಡೆಯ ಮೇಲೆ 'ಜಗತ್ತಿನ ಸಾರ್ವಕಾಲಿಕ ಮಹಾಭಾರದ ಮಲ್ಲರು' ಎಂದು ಪಟ್ಟಿ ಬರೆದಿದ್ದ. ಅದರ ಫೋಟೋ ಎಲ್ಲೆಲ್ಲಿಗೋ ಹರಡಿ, ಕುಸ್ತಿ ಅಭಿಮಾನಿಗಳ ಪಾಲಿಗೆ ಅದೇ ಶಾಸನವಾಗಿತ್ತು. ಮೊದಲನೆಯವನು ನಡೆಯುವ ಬಂಡೆ, ಇನ್ನೂರ ತೊಂಬತ್ತು ಕಿಲೋ. ಅವನು ಅಖಾಡಕ್ಕೆ ಹತ್ತಿದ ಮೇಲೆ ಎದುರಾಳಿಗೆ ನಿಲ್ಲಲು ಜಾಗ ಸಿಗದೆ ಪಂದ್ಯ ರದ್ದಾಗುತ್ತಿತ್ತಂತೆ. ಎರಡನೆಯವನು ಮೂರು ಕುರ್ಚಿ. ಗೋದಾಮು ಏಳನೆಯವನು.

"ಏಳರಿಂದ ಆರಕ್ಕಾದ್ರೂ ಏರಿಸಿ" ಎಂದು ಗೋದಾಮು ಮೆತ್ತಗೆ ಕೇಳಿದ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬರುವುದೇ ಒಂದು ಸೋಜಿಗ.

"ಕಾಗದ ತನ್ನಿ" ಅಂದ ಕ್ಷೌರಿಕ, ಕತ್ತರಿ ನಿಲ್ಲಿಸದೆ. "ಬಾಯಲ್ಲಿ ಹೇಳೋ ತೂಕ ನಾನು ಗೋಡೆಗೆ ಬರೆಯಲ್ಲ. ಸೀಲು ಬೇಕು."

ಔಷಧಿ ಅಂಗಡಿಯ ತೂಕದ ಯಂತ್ರ ಗೋದಾಮುವನ್ನು ನೋಡಿ ಹಾಕಿದ ನಾಣ್ಯವನ್ನು ವಾಪಸ್ ಕೊಟ್ಟಿತು. ಹೀಗಾಗಿ ಅವನ ವ್ಯಾನು ವೇಬ್ರಿಡ್ಜಿಗೆ ಬಂತು.

ಬಾಲ್ಯದ ದೇವರು ಕಿಟಕಿಯಲ್ಲಿ ಕಾಣಿಸಿಕೊಂಡಾಗ ಕಿಲೋಮಾಮನಿಗೆ ಕುರ್ಚಿಯಿಂದ ಎದ್ದು ನಿಲ್ಲುವುದೋ ಕೂರುವುದೋ ತಿಳಿಯಲಿಲ್ಲ. ಆದರೂ ನಿಯಮ ನಿಯಮವೇ. "ಮನುಷ್ಯರನ್ನ ಹಾಗೇ ತೂಗೋ ಹಾಗಿಲ್ಲ ಸಾರ್. ವಾಹನದ ನಂಬರು ಇಲ್ಲದೆ ಚೀಟಿ ಹೊರಗೆ ಬರಲ್ಲ. ವ್ಯಾನಲ್ಲಿ ಕೂತು ಒಂದ್ಸಲ, ಇಳಿದು ಒಂದ್ಸಲ."

ಗೋದಾಮು ವ್ಯಾನಿನಲ್ಲಿ ಕೂತ. ಒಟ್ಟು ಎರಡು ಸಾವಿರದ ಇನ್ನೂರ ಎಂಬತ್ತು. ಆಮೇಲೆ ಅವನು ಇಳಿಯತೊಡಗಿದ. ಅದು ಸುಮ್ಮನೆ ಆಗುವ ಕೆಲಸವಲ್ಲ. ಮೊದಲು ಒಂದು ಕಾಲು ಬಂತು, ಸ್ವಲ್ಪ ಹೊತ್ತಾದ ಮೇಲೆ ಹೊಟ್ಟೆ ಬಂತು. ಕಿಲೋಮಾಮ ಕಿಟಕಿಗೆ ಮೂಗು ಒತ್ತಿಕೊಂಡು ಆ ಬೆನ್ನನ್ನೇ ನೋಡುತ್ತ ನಿಂತ. ಬೆನ್ನು ಪೂರ್ತಿ ಹೊರಬಂದಾಗ ಅವನ ಕಣ್ಣಲ್ಲಿ ನೀರಿತ್ತು. ಆ ನೀರಿನಲ್ಲೇ ಖಾಲಿ ತೂಕ ಓದಿದ: ಒಂದು ಸಾವಿರದ ಎಂಟುನೂರ ಎಪ್ಪತ್ತು. ಕಳೆದ. ಸರಕು ಎಂಬಲ್ಲಿ 'ಕುಸ್ತಿಪಟು' ಎಂದೂ, ನಿವ್ವಳ ಎಂಬಲ್ಲಿ 'ನಾನೂರ ಹತ್ತು ಕಿಲೋ' ಎಂದೂ ಬರೆದು ಸೀಲು ಒತ್ತಿದ.

ಅರ್ಧ ಗಂಟೆಯಲ್ಲಿ ಕ್ಷೌರಿಕನ ಅಂಗಡಿಯಲ್ಲಿ ಗದ್ದಲ ಶುರುವಾಯಿತು. ಮುಖಕ್ಕೆ ಅರ್ಧ ನೊರೆ ಹಚ್ಚಿಸಿಕೊಂಡಿದ್ದ ಪೋಸ್ಟ್ ಮಾಸ್ತರು ಎದ್ದು ನಿಂತು ಕೂಗಿದರು. "ನಾನೂರ ಹತ್ತು? ಬಂಡೆಗಿಂತ ನೂರಿಪ್ಪತ್ತು ಜಾಸ್ತಿ! ತೂಕ ಇದ್ದ ಮಾತ್ರಕ್ಕೆ ಶ್ರೇಷ್ಠ ಆಗ್ತಾನೇನ್ರೀ? ಬಂಡೆ ಇಬ್ಬರನ್ನ ಒಟ್ಟಿಗೆ ಎತ್ತಿ ಒಗೀತಿದ್ದ!"

"ಅದಕ್ಕೆ ಕಾಗದ ಇದೆಯಾ?" ಎಂದ ಕ್ಷೌರಿಕ, ಬಂಡೆಯ ಹೆಸರಿನ ಮೇಲೆ ಗೋದಾಮುವಿನ ಹೆಸರು ಬರೆಯುತ್ತ.

"ನೋಡಿದ್ರೆ ಅಷ್ಟು ಕಾಣಲ್ವಲ್ಲ?"

"ಕಿಲೋಮಾಮನ ಸೀಲು ಬಿದ್ದ ಮೇಲೆ ನೋಡೋದಕ್ಕೆ ಏನಿದೆ?"

ಊರಿಗೆ ಊರೇ ಈ ತರ್ಕಕ್ಕೆ ತಲೆಬಾಗಿತು. ಅಲ್ಲಿಂದ ಮುಂದೆ ಗೋದಾಮುವನ್ನು ಯಾರೂ ನೋಡಲಿಲ್ಲ, ಎಲ್ಲರೂ ಚೀಟಿಯನ್ನೇ ನೋಡಿದರು.

ಮರುದಿನ ಗೋದಾಮುವಿನ ವ್ಯಾನಿನ ಡ್ರೈವರು ಚಹಾ ಅಂಗಡಿಯಲ್ಲಿ ಸಿಕ್ಕಿ ಕಿಲೋಮಾಮನ ಕೈ ಕುಲುಕಿದ. "ನಿನ್ನೆ ಎಂಥಾ ಗಳಿಗೆ ಮಾಮ! ನಮ್ಮ ಅಣ್ಣ ಇಳಿಯೋದನ್ನ ನೋಡಬೇಕು ಅಂತ ನಾವೂ ಎಲ್ಲರೂ ಆಚೆ ಕಡೆ ಬಾಗಿಲಿಂದ ಇಳಿದು ಹಲಗೆಯಾಚೆ ನಿಂತ್ವಿ."

ಕಿಲೋಮಾಮ ಲೋಟ ಕೆಳಗಿಟ್ಟ. "ಎಲ್ಲರೂ ಅಂದ್ರೆ?"

"ನಾನು, ಮ್ಯಾನೇಜರು, ಮೈ ತಿಕ್ಕೋನು, ಬೆಲ್ಟು ಹಿಡ್ಕೊಳ್ಳೋನು."

ಕಿಲೋಮಾಮ ಮನಸ್ಸಿನಲ್ಲೇ ಮತ್ತೆ ಕಳೆದು ನೋಡಿದ. ನಾನೂರ ಹತ್ತು ಕಿಲೋ ಗೋದಾಮು ಅಲ್ಲ, ಐದು ಜನ! ಒಬ್ಬ ಕ್ಲೀನರನ್ನೂ ಸಿಮೆಂಟು ಮಾಡದವನು ಒಂದೇ ಮಧ್ಯಾಹ್ನ ನಾಲ್ವರನ್ನು ಕುಸ್ತಿಪಟುವಿನೊಳಗೆ ಸೇರಿಸಿಬಿಟ್ಟಿದ್ದ. ಮನೆಗೆ ಹೋಗಿ ಹೆಂಡತಿಗೆ ಹೇಳೋಣವೆಂದರೆ ಅವಳು ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಗಂಡನಿಗೆ ಹೇಳುತ್ತಾಳೆ, ಸಂಜೆಯ ಹೊತ್ತಿಗೆ ತಾನು ಟೋಪಿ ಹಾಕಿಕೊಂಡು ಬೀರುಗಳ ಮುಂದೆ ನಿಂತಿರಬೇಕು. ಅವನು ಬಾಯಿಗೆ ಬೀಗ ಹಾಕಿಕೊಂಡ.

ಅವನು ಬಾಯಿ ಮುಚ್ಚಿದಷ್ಟೂ ಚೀಟಿ ಮಾತಾಡಿತು. ಮ್ಯಾನೇಜರು ಅದರ ನಕಲುಗಳನ್ನು ಊರ ತುಂಬ ಅಂಟಿಸಿದ. ಬಸ್ಸಿನ ಕಂಡಕ್ಟರು ಗೋದಾಮುವಿಗೆ ಆರು ಟಿಕೆಟು ಹರಿದುಕೊಟ್ಟು, "ಐದು ನಿಮಗೆ, ಒಂದು ಲಗೇಜು" ಎಂದ. ವಸತಿಗೃಹದವರು ಅವನ ಹಾಸಿಗೆಯನ್ನು ಮೂರನೇ ಮಹಡಿಯಿಂದ ಇಳಿಸಿ ವಾಹನ ನಿಲ್ಲಿಸುವ ಕಡೆ ಹಾಸಿದರು. ಸಣ್ಣ ನೆಗಡಿಗೆಂದು ಹೋದರೆ ಡಾಕ್ಟರು ಚೀಟಿ ನೋಡಿ, ಲೆಕ್ಕ ಹಾಕಿ, ಹೊತ್ತಿಗೆ ಹನ್ನೊಂದು ಮಾತ್ರೆ ಬರೆದರು. ಗೋದಾಮು ಹನ್ನೊಂದನ್ನೂ ಜೇಬಿಗೆ ಹಾಕಿಕೊಂಡು ಒಂದನ್ನಷ್ಟೇ ನುಂಗಿದ ಎಂಬುದು ಅವನ ಪುಣ್ಯ.

ಎಲ್ಲಕ್ಕಿಂತ ಮುಂದೆ ಹೋದವರು ನಗರಸಭೆಯ ಎಂಜಿನಿಯರು. ಕಾಲುವೆಯ ಮೇಲಿನ ಕಾಲುಸೇತುವೆಗೆ 'ಗೋದಾಮು ದಾಟುವಾಗ ಇತರರಿಗೆ ಪ್ರವೇಶವಿಲ್ಲ' ಎಂದು ಫಲಕ ಹಾಕಿಸಿ, ಕಾವಲಿಗೆ ಒಬ್ಬನನ್ನು ನಿಲ್ಲಿಸಿದರು. ಕಾವಲಿನವನೇ ನೂರ ಇಪ್ಪತ್ತು ಕಿಲೋ ಇದ್ದ. ಅವನ ಬಗ್ಗೆ ಕಾಗದ ಇರಲಿಲ್ಲವಾದ್ದರಿಂದ ಅವನಿಂದ ಸೇತುವೆಗೆ ಅಪಾಯವೂ ಇರಲಿಲ್ಲ.

ಗೋದಾಮು ಮಾತ್ರ ದಿನದಿನಕ್ಕೆ ಅರಳಿದ. ಮೊದಲು ಕುಗ್ಗಿ ನಡೆಯುತ್ತಿದ್ದವನು ಈಗ ಬೀದಿಯ ನಡುವೆ ಎದೆ ಉಬ್ಬಿಸಿ ಬರುತ್ತಿದ್ದ. ಒಂದು ಬೆಳಿಗ್ಗೆ ವೇಬ್ರಿಡ್ಜಿಗೆ ಬಂದು ಕಿಲೋಮಾಮನ ಎರಡೂ ಕೈ ಹಿಡಿದುಕೊಂಡ. "ಮಾಮ, ನಾನು ಕರಗಿ ಹೋದೆ, ಮುದುಕನಾದೆ ಅಂದ್ಕೊಂಡಿದ್ದೆ. ನೀವು ನನ್ನನ್ನ ಮತ್ತೆ ಮನುಷ್ಯನ್ನ ಮಾಡಿದ್ರಿ."

ಐದು ಜನರನ್ನು ಮಾಡಿದ್ದೇನೆ ಎಂದು ಹೇಳಲು ಕಿಲೋಮಾಮನಿಗೆ ನಾಲಿಗೆ ಏಳಲಿಲ್ಲ.

ಪಂದ್ಯಕ್ಕೆ ಎರಡು ದಿನ ಇರುವಾಗ ಕಬ್ಬಿಣದ ಕೋಣನ ಕಡೆಯಿಂದ ದೂರು ಬಂತು. 'ನಾನೂರ ಹತ್ತು ಕಿಲೋದವರ ಕೆಳಗೆ ಬೀಳಲು ನಮ್ಮ ಕುಸ್ತಿಪಟು ಸಿದ್ಧರಿಲ್ಲ. ಅವರ ಮನೆಯವರೂ ಒಪ್ಪುತ್ತಿಲ್ಲ. ನಮ್ಮ ಎದುರಿಗೇ ಇನ್ನೊಮ್ಮೆ ತೂಗಿ ತೋರಿಸಬೇಕು.' ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಬಂದಿಳಿದರು. ಮೊದಲ ತೂಕವಾಗಿ ಸರಿಯಾಗಿ ಹದಿನಾಲ್ಕನೇ ದಿನ, ಬೆಳಿಗ್ಗೆ ಹತ್ತಕ್ಕೆ ಮರುತೂಕ ಎಂದು ಸಾರಿದರು.

ಆ ಹೊತ್ತಿಗೆ ವೇಬ್ರಿಡ್ಜಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಷಡ್ಡಕ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಒಂದು ಟೋಪಿಯನ್ನೂ ತಂದಿದ್ದ. ಕೆಂಪು ಬಣ್ಣದ್ದು. ಅದನ್ನು ನೋಡಿದ್ದೇ ಕಿಲೋಮಾಮ ಉಪಾಯ ಹುಡುಕತೊಡಗಿದ. ವ್ಯಾನಿನಲ್ಲಿ ಕೆಲವು ಸಿಮೆಂಟಿನ ಮೂಟೆ ಅಡಗಿಸಿಟ್ಟು ಇಳಿಸಿಬಿಟ್ಟರೆ? ಯಾರಿಗೂ ಗೊತ್ತಾಗದು. ಒಂದು ನಿಮಿಷ ಹಾಗೆ ಯೋಚಿಸಿದ್ದೂ ಹೌದು. ಆದರೆ ತನ್ನ ಯಂತ್ರದ ಮುಂದೆ ಕೂತಾಗ ಅವನಿಗೆ ಸುಳ್ಳು ತೂಗಲು ಕೈ ಬರಲಿಲ್ಲ. ಹೋದರೆ ಹೋಗಲಿ ಮಾನ ಎಂದು ಲೌಡ್‌ಸ್ಪೀಕರು ಕೈಗೆತ್ತಿಕೊಂಡ.

"ಡ್ರೈವರು, ಮ್ಯಾನೇಜರು, ಮೈ ತಿಕ್ಕೋರು, ಬೆಲ್ಟಿನೋರು, ನಾಲ್ಕೂ ಜನ ವ್ಯಾನಲ್ಲೇ ಇರಬೇಕು. ಯಾರೂ ಅಲ್ಲಾಡಬಾರದು. ಗೋದಾಮು ಅವರೊಬ್ಬರೇ ಇಳೀಬೇಕು."

ಒಟ್ಟು ತೂಕ ಎರಡು ಸಾವಿರದ ಇನ್ನೂರ ಎಂಬತ್ತು. ಜನ ಚಪ್ಪಾಳೆ ತಟ್ಟಿದರು. ಗೋದಾಮು ಇಳಿದ. ಖಾಲಿ ತೂಕ ಎರಡು ಸಾವಿರದ ನೂರ ಹತ್ತು. ನಿವ್ವಳ ನೂರ ಎಪ್ಪತ್ತು.

ಚಪ್ಪಾಳೆ ಅಲ್ಲೇ ನಿಂತಿತು. ಮಗುವೊಂದು ಅಳತೊಡಗಿತು. ಕಿಲೋಮಾಮ ಕೋಣೆಯಿಂದ ಹೊರಗೆ ಬಂದು, ಎಲ್ಲರಿಗೂ ಕೈ ಮುಗಿದು ಹೇಳಿದ. "ಇದೇ ಸರಿಯಾದ ತೂಕ. ಹಿಂದಿನ ಚೀಟಿ ತಪ್ಪು. ಅವತ್ತು ಐದು ಜನ ಇಳಿದಿದ್ರು, ನಾನು ನೋಡಲಿಲ್ಲ. ತಪ್ಪು ನನ್ನದು."

"ಒಂದು ನಿಮಿಷ" ಎಂದರು ಇನ್ಸ್‌ಪೆಕ್ಟರು, ಎರಡೂ ಚೀಟಿಗಳನ್ನು ಅಕ್ಕಪಕ್ಕ ಹಿಡಿದು. "ಇದರ ಮೇಲೆ ಸೀಲಿದೆ. ಇದರ ಮೇಲೂ ಸೀಲಿದೆ. ಯಂತ್ರ ಸರಿಯಾಗಿದೆ ಅಂತ ನಾನೇ ಸಹಿ ಹಾಕಿದೀನಿ. ಈ ಚೀಟಿ ತಪ್ಪು ಅಂದ್ರೆ ನಾನೂ ತಪ್ಪು ಅಂದ ಹಾಗಾಯ್ತು. ನಾನು ತಪ್ಪಾ?"

"ನೀವಲ್ಲ ಸ್ವಾಮಿ, ನಾನು!"

"ನೀವು ಮೂವತ್ತೊಂದು ವರ್ಷದಲ್ಲಿ ತಪ್ಪು ಮಾಡಿಲ್ಲ ಅಂತ ಇಲಾಖೆ ಕಡತದಲ್ಲಿದೆ. ಕಡತ ಸುಳ್ಳು ಹೇಳುತ್ತಾ?"

"ಒಟ್ಟು ತೂಕ ನೋಡಿ ಸ್ವಾಮಿ! ಎರಡು ಸಲವೂ ಒಂದೇ ಇದೆ! ಅವರು ಆಗಲೂ ಇಷ್ಟೇ ಇದ್ರು!"

"ಒಟ್ಟು ನೋಡೋ ಪದ್ಧತಿ ಇಲ್ಲ. ನಿವ್ವಳ ನೋಡೋದು" ಎಂದು ಇನ್ಸ್‌ಪೆಕ್ಟರು ಫೈಲು ತೆರೆದು ಬರೆಯುತ್ತ, ಬರೆದದ್ದನ್ನೇ ಗಟ್ಟಿಯಾಗಿ ಓದಿದರು. "ಎರಡೂ ತೂಕ ಸರಿಯಾಗಿವೆ. ಹದಿನಾಲ್ಕು ದಿನಗಳ ಅವಧಿಯಲ್ಲಿ ಸರಕಿನಲ್ಲಿ ಇನ್ನೂರ ನಲವತ್ತು ಕಿಲೋ ಇಳಿಕೆಯಾಗಿದೆ."

ಈ ಮಾತು ಜನರ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದದ್ದು ಮೊದಲು ವ್ಯಾನಿನೊಳಗಿದ್ದ ಮ್ಯಾನೇಜರನ ತಲೆಗೆ. ಅವನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಿರುಚಿದ. "ಹದಿನಾಲ್ಕು ದಿನ! ಇನ್ನೂರ ನಲವತ್ತು ಕಿಲೋ! ಸರ್ಕಾರಿ ಸೀಲಿನ ಸಮೇತ!"

ಜನ ಹುಚ್ಚೆದ್ದು ನುಗ್ಗಿದರು. ಪೋಸ್ಟ್ ಮಾಸ್ತರು ಗೋದಾಮುವಿನ ತೋಳು ಹಿಡಿದು "ಬೆಳಿಗ್ಗೆ ಏನು ತಿಂತೀರಿ?" ಎಂದು ಕೇಳಿದರು.

"ಆರು ಮೊಟ್ಟೆ" ಅಂದ ಗೋದಾಮು, ಗಾಬರಿಯಿಂದ.

"ಬರೀ ಆರಾ? ಬರ್ಕೊಳ್ಳಿ, ಬರ್ಕೊಳ್ಳಿ!"

ಡಾಕ್ಟರು ದೂರದಿಂದ "ಅದು ನನ್ನ ಮಾತ್ರೆ! ಹನ್ನೊಂದು ಮಾತ್ರೆ!" ಎಂದು ಕೂಗುತ್ತ ಬಂದರು. ಕಬ್ಬಿಣದ ಕೋಣ ಒಂದು ಮೂಲೆಯಲ್ಲಿ ನಿಂತು ತನ್ನ ಕಡೆಯವರಿಗೆ ಖಡಾಖಂಡಿತವಾಗಿ ಹೇಳಿದ. "ಎರಡು ವಾರದಲ್ಲಿ ಇನ್ನೂರ ನಲವತ್ತು ಇಳಿಸೋನು, ಅಖಾಡದೊಳಗೆ ಎರಡು ನಿಮಿಷದಲ್ಲಿ ಮತ್ತೆ ಏರಿಸಲ್ಲ ಅಂತ ಏನು ಗ್ಯಾರಂಟಿ? ನಾನು ಮನೆಗೆ ಹೋಗ್ತೀನಿ." ಹಾಗೆ ಗೋದಾಮು ತನ್ನ ಕೊನೆಯ ಪಂದ್ಯವನ್ನು ಆಡದೆಯೇ ಗೆದ್ದ. ಕ್ಷೌರಿಕ ಅವನನ್ನು ಪಟ್ಟಿಯ ತುದಿಯಿಂದ ಇಳಿಸಲಿಲ್ಲ. ಬದಲಿಗೆ ಹೆಸರಿನ ಮುಂದೆ 'ಬೇಕೆಂದಾಗ' ಎಂದು ಸೇರಿಸಿದ.

ಕಿಲೋಮಾಮ ಕೊನೆಯ ಆಸೆಯೆಂಬಂತೆ ಷಡ್ಡಕನ ಮುಂದೆ ಹೋಗಿ ನಿಂತ. ತನ್ನ ತಪ್ಪಿಗಾಗಿ ಈ ಮನುಷ್ಯ ಆ ಭಾನುವಾರದಿಂದಲೂ ಬಾಯಿಬಿಟ್ಟುಕೊಂಡು ಕಾದಿದ್ದಾನೆ, ಇವನಾದರೂ ನಂಬದೆ ಇರಲಾರ. "ಭಾವ, ತಪ್ಪು ಮಾಡಿದೆ. ಟೋಪಿ ಕೊಡಿ. ನಾಳೆಯಿಂದ ಅಂಗಡಿಗೆ ಬರ್ತೀನಿ."

ಷಡ್ಡಕ ಟೋಪಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವನ ಕಣ್ಣುಗಳು ಗೋದಾಮುವಿನ ಮೇಲಿದ್ದವು. "ಛೆ ಛೆ, ನೀವು ತಪ್ಪು ಮಾಡೋ ಮನುಷ್ಯರಾ? ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಅದಿರಲಿ," ಎಂದು ದನಿ ತಗ್ಗಿಸಿದ. "ನನ್ನನ್ನ ಈಗಲೇ ಒಂದ್ಸಲ ತೂಗಿ ಚೀಟಿ ಕೊಡಿ. ಹದಿನಾಲ್ಕು ದಿನ ಬಿಟ್ಟು ಮತ್ತೆ ಬರ್ತೀನಿ. ಆ ಎರಡನೇ ಚೀಟಿ ಸ್ವಲ್ಪ ಹೀಗೆ..." ಎಂದು ಅಂಗೈಯನ್ನು ಕೆಳಕ್ಕೆ ಇಳಿಸಿ ತೋರಿಸಿದ. ಅವನ ಹಿಂದೆ ಆಗಲೇ ನಲವತ್ತು ಜನ, ತಂತಮ್ಮ ವಾಹನಗಳ ಸಮೇತ, ಸಾಲು ನಿಂತಿದ್ದರು.

ಗೋದಾಮು ಕಿಟಕಿಯ ಬಳಿ ಬಂದ. "ಮಾಮ, ನಿಜ ಹೇಳಿ. ನೂರ ಎಪ್ಪತ್ತೇನಾ?"

"ನೂರ ಎಪ್ಪತ್ತೇ. ಕ್ಷಮಿಸಿ."

ಗೋದಾಮು ತಲೆ ಅಲ್ಲಾಡಿಸಿದ. "ಇಲ್ಲ ಮಾಮ. ನಾನೂರ ಹತ್ತು ಇದ್ದಾಗ ಹೇಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ನೀವು ಸುಮ್ಮನೆ ನಿಮ್ಮ ಮೇಲೆ ಹಾಕ್ಕೋತಿದ್ದೀರಿ. ದೊಡ್ಡ ಮನಸ್ಸು ನಿಮ್ಮದು." ಹಾಗೆ ಹೇಳಿ, ವ್ಯಾನು ಹತ್ತಿ, ಜೈಕಾರಗಳ ನಡುವೆ ಹೊರಟುಹೋದ.

ಸಂಜೆ ಆರಕ್ಕೆ ಕಿಲೋಮಾಮ ಸೋತು ಸುಣ್ಣವಾಗಿ ಮನೆಗೆ ಬಂದ. ಹೆಂಡತಿ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿದ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ಜನ ಇಳಿದ್ರು?"

"ಅವರೂ ಸೇರಿ ಐದು."

"ಆಗ ನೀವೇನು ನೋಡ್ತಿದ್ರಿ?"

"ಅವರ ಬೆನ್ನು."

"ಮತ್ತೆ? ತಪ್ಪೇ ಆಗಿದೆ" ಅಂದಳು ಅವಳು. "ಅದನ್ನ ನೀವು ಹೇಳಬೇಕಾ? ನಿಮ್ಮದೇ ತಪ್ಪು."

ಕಿಲೋಮಾಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ನಂಬ್ತೀಯಾ? ನಿಜವಾಗ್ಲೂ?"

"ನಂಬದೆ ಏನು? ನಿಮ್ಮನ್ನ ನಾನು ಇವತ್ತು ನೋಡ್ತಿದೀನಾ?"

"ಇನ್ನೊಂದ್ಸಲ ಹೇಳು."

"ತಪ್ಪು ನಿಮ್ಮದೇ ಅಂದೆ. ಕಣ್ಣು ಎಲ್ಲೋ, ಕೈ ಎಲ್ಲೋ, ಮೊದಲಿಂದಲೂ ನೀವು ಹಾಗೇ. ಹೋದ ವಾರ ಗ್ಯಾಸು ಆರಿಸದೆ ಹೋಗಿದ್ರಿ. ಅದಕ್ಕೆ ಮುಂಚೆ ಅಕ್ಕನ ಮನೆಗೆ ಹೋಗೋ ಬಸ್ಸು ಅಂತ ಬೇರೆ ಊರಿನ ಬಸ್ಸು ಹತ್ತಿಸಿದ್ರಿ. ಮದುವೆ ಆದ ವರ್ಷ..."

ಹದಿನಾಲ್ಕು ದಿನದಲ್ಲಿ ಮೊದಲ ಬಾರಿಗೆ ಕಿಲೋಮಾಮನ ಎದೆ ಹಗುರಾಯಿತು. ಇಡೀ ಊರಿನಲ್ಲಿ ಅವನನ್ನು ಇದ್ದಹಾಗೆ ಬಲ್ಲವಳು ಇವಳೊಬ್ಬಳೇ ಎಂದು ಅನ್ನಿಸಿ ಕಣ್ಣು ತುಂಬಿ ಬಂತು. ಅವನು ಸ್ಟೂಲೊಂದನ್ನು ಎಳೆದುಕೊಂಡು ಮಂಚದ ಪಕ್ಕ ಕೂತ. ಅವಳು ಮದುವೆಯ ವರ್ಷ ಮುಗಿಸಿ, ಮಗಳು ಹುಟ್ಟಿದ ವರ್ಷ ಮುಗಿಸಿ, ಮನೆ ಬದಲಿಸಿದಾಗ ಅವನು ಕಳೆದ ಕಪಾಟಿನ ಬೀಗದ ಕೈಗೆ ಬಂದು, ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತಳು.

"ಆಮೇಲೆ?" ಎಂದು ಕೇಳಿದ ಕಿಲೋಮಾಮ.